ಮದ್ದಿಗೆ ಮಣಿಯದಾದ ಶ್ವಾಸಕೋಶದ ಕ್ಯಾನ್ಸರ್: ಟಾರ್ಗೆಟೆಡ್ ಥೆರಪಿಯ ಚರಿತ್ರೆ

ಕ್ಯಾನ್ಸರ್ ಕೋಶವನ್ನು ಬೆಳೆಸುವ ನಿರ್ದಿಷ್ಟ ಪ್ರೋಟೀನಿಗೇ ತಡೆಯೊಡ್ಡುವ ಚಿಕಿತ್ಸೆಯೇ ಟಾರ್ಗೆಟೆಡ್ ಥೆರಪಿ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇದು ಕಾಲಿಟ್ಟದ್ದು ಕೀಮೋಥೆರಪಿ ಕೈಕೊಟ್ಟ ರೋಗಿಗಳ ಮೂಲಕ. ಇಂಥದೊಂದು ಪ್ರೋಟೀನಾದ ಇಜಿಎಫ್‌ಆರ್ ಅನ್ನು ತಡೆಯುವ ಜೆಫಿಟಿನಿಬ್ ಮಾತ್ರೆಗೆ 2002ರಲ್ಲಿ ಜಪಾನ್, 2003ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು.

ಅಮೆರಿಕದಲ್ಲಿ ಗೆಡ್ಡೆ ಕುಗ್ಗಿದ್ದು ಹತ್ತರಲ್ಲಿ ಒಬ್ಬರಿಗಷ್ಟೇ. ಆ ಒಬ್ಬರಲ್ಲಿ ಪರಿಣಾಮ ಮಾತ್ರ ಬೆರಗು ಹುಟ್ಟಿಸುವಂತಿತ್ತು. ಅಂಥವರಲ್ಲಿ ಧೂಮಪಾನ ಮಾಡದವರು, ಮಹಿಳೆಯರು, ಪೂರ್ವ ಏಷ್ಯಾದವರೇ ಹೆಚ್ಚು. ಕಾರಣ 2004ರಲ್ಲಿ ಬಾಸ್ಟನ್‌ನ ಸಂಶೋಧಕರಿಗೆ ಸಿಕ್ಕಿತು: ಇವರ ಗೆಡ್ಡೆಗಳಲ್ಲಿ ಇಜಿಎಫ್‌ಆರ್ ವಂಶವಾಹಿ ರೂಪಾಂತರಗೊಂಡಿತ್ತು. ಅಲ್ಲಿಂದ ಮುಂದೆ ರೋಗಿಗೆ ಯಾವ ಮಾತ್ರೆ ಎಂಬುದನ್ನು ವಂಶವಾಹಿ ಪರೀಕ್ಷೆ ನಿರ್ಧರಿಸತೊಡಗಿತು.

ಆದರೆ ಒಂದು ವರ್ಷದ ಆಸುಪಾಸಿನಲ್ಲಿ ಹೆಚ್ಚಿನವರ ಗೆಡ್ಡೆ ಮತ್ತೆ ಬೆಳೆಯುತ್ತಿತ್ತು. ಹೀಗೆ ಮರಳಿದ ಗೆಡ್ಡೆಯಿಂದಲೇ ತುಣುಕು ತೆಗೆದು (ಬಯಾಪ್ಸಿ) ನೋಡಿದ್ದು ಈ ಚರಿತ್ರೆಯ ದೊಡ್ಡ ತಿರುವು. 2005ರಲ್ಲಿ ಟಿ790ಎಂ ಎಂಬ ರೂಪಾಂತರ ಪತ್ತೆಯಾಯಿತು. ಪ್ರೋಟೀನಿನ 790ನೇ ಸ್ಥಾನದಲ್ಲಿ ಥ್ರಿಯೊನೀನ್ ಇರಬೇಕಾದಲ್ಲಿ ಮೆಥಿಯೊನೀನ್ ಬಂದು ಕೂತಿತ್ತು. ಅಮೈನೋ ಆಮ್ಲ ಬದಲಾದದ್ದು ಒಂದೇ ಒಂದು. ಅಷ್ಟಕ್ಕೇ ಮಾತ್ರೆ ನಿಷ್ಪ್ರಯೋಜಕ. ಔಷಧಿಗೆ ಬಗ್ಗದ ಗೆಡ್ಡೆಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಇದೇ ಕಾಣಿಸಿತು.

ಇದಕ್ಕೆ ಉತ್ತರವಾಗಿ ಬಂದದ್ದು ಒಸಿಮೆರ್ಟಿನಿಬ್. ಅದು ಅದೇ ಪ್ರೋಟೀನಿನ 797ನೇ ಸ್ಥಾನದ ಸಿಸ್ಟೀನ್‌ಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ, ಆರೋಗ್ಯವಂತ ಕೋಶಗಳ ಇಜಿಎಫ್‌ಆರ್ ಅನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. 2013ರಲ್ಲಿ ಮೊದಲ ರೋಗಿಗೆ ಕೊಟ್ಟ ಈ ಮಾತ್ರೆಗೆ 2015ರ ನವೆಂಬರ್‌ನಲ್ಲೇ ಅಮೆರಿಕದ ಅನುಮತಿ ಸಿಕ್ಕಿತು. ಆರಾ-3 ಪ್ರಯೋಗದಲ್ಲಿ ಕೀಮೋಥೆರಪಿ ರೋಗವನ್ನು ಸರಾಸರಿ 4.4 ತಿಂಗಳು ಹಿಡಿದಿಟ್ಟರೆ, ಒಸಿಮೆರ್ಟಿನಿಬ್ 10.1 ತಿಂಗಳು ಹಿಡಿದಿಟ್ಟಿತು. 2016ರಿಂದ ರಕ್ತಪರೀಕ್ಷೆಯಲ್ಲೇ ಟಿ790ಎಂ ಹುಡುಕಬಹುದಾಯಿತು. ಸೂಜಿಗೆ ಸಿಗದ ಜಾಗದಲ್ಲಿ ಗೆಡ್ಡೆಯಿರುವ ರೋಗಿಗೆ ಇದು ಸಣ್ಣ ಉಪಕಾರವಲ್ಲ. 2018ರಲ್ಲಿ ಒಸಿಮೆರ್ಟಿನಿಬ್ ಮೊದಲ ಚಿಕಿತ್ಸೆಯಾಗಿಯೂ ಬಳಕೆಗೆ ಬಂತು.

ಕ್ಯಾನ್ಸರ್ ಅಲ್ಲಿಗೂ ಸುಮ್ಮನಾಗಲಿಲ್ಲ. ಕೆಲವರಲ್ಲಿ 797ನೇ ಸ್ಥಾನವೇ ಬದಲಾಯಿತು, ಕೆಲವರಲ್ಲಿ ಮೆಟ್ ಎಂಬ ಇನ್ನೊಂದು ವಂಶವಾಹಿಯ ಪ್ರತಿಗಳು ಹೆಚ್ಚಿದವು, ಇನ್ನು ಕೆಲವರ ಗೆಡ್ಡೆ ಸ್ಮಾಲ್ ಸೆಲ್ ಎಂಬ ಬೇರೆಯೇ ಬಗೆಯ ಕ್ಯಾನ್ಸರ್ ಆಗಿ ಮಾರ್ಪಟ್ಟಿತು. ಈ ಕೊನೆಯದನ್ನು ಗುರುತಿಸಲು ಮತ್ತೆ ಬಯಾಪ್ಸಿಯೇ ಬೇಕು. ಹಾಗಾಗಿ ಔಷಧಿ ಸೋತಾಗ ಮರುಪರೀಕ್ಷೆ ಮಾಡದೆ ಮುಂದಿನ ಮದ್ದು ಆರಿಸುವುದು ಕತ್ತಲಲ್ಲಿ ಬಾಣ ಬಿಟ್ಟಂತೆ. ಇಜಿಎಫ್‌ಆರ್, ಮೆಟ್ ಎರಡನ್ನೂ ತಡೆಯುವ ಅಮಿವಾಂಟಮ್ಯಾಬ್ ಅನ್ನು ಕೀಮೋಥೆರಪಿಯೊಂದಿಗೆ ಹೀಗೆ ಔಷಧಿ ಸೋತ ರೋಗಿಗಳಿಗೆ ಕೊಡಲು 2024ರಲ್ಲಿ ಅಮೆರಿಕ ಸಮ್ಮತಿಸಿತು.

ಈ ಹೊಸ ಔಷಧಿಗಳ ಬೆಲೆ ಇಂದಿಗೂ ಭಾರತದ ಬಹುಪಾಲು ಕುಟುಂಬಗಳಿಗೆ ಭಾರವೇ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಮೂಲ ಆಮದು ಸುಂಕದಿಂದ ವಿನಾಯಿತಿ ಕೊಟ್ಟ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ಒಸಿಮೆರ್ಟಿನಿಬ್ ಕೂಡ ಒಂದು.