ಬಳಪದ ಕಲ್ಲು ಬಿಟ್ಟ ಉಸಿರು

ಹಿರೇಕೆರೂರು ತಾಲ್ಲೂಕಿನ ಅಬಲೂರು ಎಂದೊಡನೆ ಏಕಾಂತದ ರಾಮಯ್ಯ, ಸರ್ವಜ್ಞ ನೆನಪಾಗುತ್ತಾರೆ. ನನಗೆ ಈ ಸೀಮೆಯ ಕಲ್ಲೂ ನೆನಪಾಗುತ್ತದೆ. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಮೆಚ್ಚಿದ ಬಳಪದ ಕಲ್ಲನ್ನು ಮುಟ್ಟಿದರೆ ಸಾಬೂನಿನ ನುಣುಪು, ಉಗುರಿನಿಂದ ಗೀರಿದರೆ ಬಿಳಿ ಗೆರೆ. ಆ ಮೆದುತನ ಆಮೇಲೆ ಬಂದದ್ದು. ಮೆಗ್ನೀಸಿಯಂ, ಕಬ್ಬಿಣ ತುಂಬಿದ ಗಟ್ಟಿ ಶಿಲೆಯೊಳಗೆ ಬಿಸಿನೀರೂ ಕಾರ್ಬನ್ ಡೈಆಕ್ಸೈಡೂ ಇಳಿದು ಅದನ್ನು ಮಾಗಿಸಿದವು. ಅಂಥ ಶಿಲೆಯ ಕಬ್ಬಿಣ ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಂಡಾಗ ಜಲಜನಕ ಹೊರಬೀಳುತ್ತದೆ. ಎಳೆಯ ಭೂಮಿಯ ಗಾಳಿಯನ್ನು ಜೀವಿಗಳಿಗಿಂತ ಮೊದಲು ಹದ ಮಾಡಿದ್ದರಲ್ಲಿ ಇಂಥ ಕಲ್ಲಿನ ಪಾಲೂ ಇತ್ತು.

ಇದು ವಿಜ್ಞಾನಕ್ಕೆ ಮನವರಿಕೆಯಾಗಲು ಬಹುಕಾಲ ಹಿಡಿಯಿತು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಪ್ರಾಚೀನ ಶಿಲಾಪಟ್ಟಿಗಳಿಗೆ ಧಾರವಾಡದ ಹೆಸರಿಟ್ಟಾಗ ಆಸಕ್ತಿಯೆಲ್ಲ ಚಿನ್ನದ ಮೇಲಿತ್ತು. 1920ರ ದಶಕದಲ್ಲಿ ವಿಜ್ಞಾನಿಗಳಾದ ಒಪಾರಿನ್, ಹಾಲ್ಡೇನ್ ಆದಿಭೂಮಿಯ ಗಾಳಿಯನ್ನು ಆಮ್ಲಜನಕವಿಲ್ಲದ್ದೆಂದು ಊಹಿಸಿದರು. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಜಲಜನಕ, ನೀರಾವಿಗಳ ನಡುವೆ ಕಿಡಿ ಹಾರಿಸಿ ಅಮೈನೋ ಆಮ್ಲ ಪಡೆದರು. ಅದಕ್ಕೆ ಎರಡು ವರ್ಷ ಮೊದಲೇ ಭೂವಿಜ್ಞಾನಿ ವಿಲಿಯಂ ರೂಬಿ, ಗಾಳಿಯೂ ಕಡಲೂ ಭೂಮಿಯ ಒಡಲಿನಿಂದಲೇ ಹೊರಬಂದವೆಂದು ವಾದಿಸಿದ್ದರು. ಜ್ವಾಲಾಮುಖಿ ಉಗುಳುವುದು ಬಹುಪಾಲು ನೀರಾವಿ, ಕಾರ್ಬನ್ ಡೈಆಕ್ಸೈಡ್; ಮಿಲ್ಲರ್ ಬೆರೆಸಿದ ಮೀಥೇನ್, ಅಮೋನಿಯಾ ಅಲ್ಲ. ಮಿಲ್ಲರ್‌ಗೆ ಸಿಕ್ಕ ಹೆಸರು ರೂಬಿಗೂ ಸಿಗಬೇಕಿತ್ತು ಎಂದು ನನಗನ್ನಿಸುತ್ತದೆ.

ಆಗಿನ ಗಾಳಿ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಹೇಳಬೇಕಾದ್ದು ಕಲ್ಲೇ. ಚಿಕ್ಕಮಗಳೂರಿನ ಬಾಬಾಬುಡನ್ ಶಿಲಾಸಮೂಹದ ತಳದಲ್ಲಿ ಹಳೆಯ ಹೊಳೆಗಳು ಉರುಳಿಸಿ ತಂದ ಬೆಣಚುಗಲ್ಲಿನ ಪದರವಿದೆ. ಅದರಲ್ಲಿ ಪೈರೈಟ್, ಯುರನಿನೈಟ್ ಎಂಬ ಖನಿಜಗಳ ಕಣಗಳಿವೆ. ಇಂದಿನ ಗಾಳಿಯಾಗಿದ್ದರೆ ಅವು ದಾರಿಯಲ್ಲೇ ಆಮ್ಲಜನಕ ತಗುಲಿ ಹಾಳಾಗುತ್ತಿದ್ದವು.

2000ದಲ್ಲಿ ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ಗಂಧಕದಲ್ಲಿ ಇನ್ನೂ ಸೂಕ್ಷ್ಮವಾದ ಗುರುತು ಕಂಡರು. ಓಜೋನ್ ಇಲ್ಲದಾಗ ನೇರಳಾತೀತ ಕಿರಣ ಜ್ವಾಲಾಮುಖಿಯ ಸಲ್ಫರ್ ಡೈಆಕ್ಸೈಡನ್ನು ಒಡೆಯುತ್ತದೆ. ಆಗ ಗಂಧಕದ ಐಸೊಟೋಪುಗಳು, ಅಂದರೆ ಬೇರೆ ಬೇರೆ ತೂಕದ ಗಂಧಕದ ಪರಮಾಣುಗಳು, ತೂಕದ ಸಾಮಾನ್ಯ ಲೆಕ್ಕಕ್ಕೆ ಹೊಂದದೆ ಬೇರ್ಪಡುತ್ತವೆ. ಗಾಳಿಯಲ್ಲಿ ಆಮ್ಲಜನಕ ಇಂದಿನದರ ಲಕ್ಷದಲ್ಲೊಂದು ಪಾಲನ್ನು ಮೀರಿದರೆ ಈ ಗುರುತು ಉಳಿಯುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸುಮಾರು 320 ಕೋಟಿ ವರ್ಷ ಹಿಂದಿನ, ಗಂಧಕವುಳ್ಳ ಬೆರೈಟ್ ಎಂಬ ಖನಿಜದ ಪದರಗಳಿವೆ. ನೆಲದಾಳದಲ್ಲಿ ಬೆಂದು ಅವುಗಳ ಹರಳು ಬದಲಾದರೂ ಗಂಧಕದ ಮೂಲ ಗುರುತು ಅಳಿದಿಲ್ಲ ಎಂದು ಭಾರತ, ಫ್ರಾನ್ಸ್ ವಿಜ್ಞಾನಿಗಳು ಕೂಡಿ ಬರೆದ 2017ರ ಪ್ರಬಂಧ ತೋರಿಸಿತು. ಯಾವ ಜೀವಿಯ ನೆರವೂ ಇಲ್ಲದೆ ಬಿಸಿಲು ಮತ್ತು ಹೊಗೆ ನಡೆಸಿದ ರಸಾಯನ ನಮ್ಮ ಬಯಲುಸೀಮೆಯ ಹಳ್ಳಿಯೊಂದರಲ್ಲಿ ಹೀಗೆ ಕಾದುಕೊಂಡು ಕೂತಿತ್ತು.

ಜೀವಿಗಳಿಲ್ಲದೆಯೇ ಗ್ರಹದ ಗಾಳಿಯಲ್ಲಿ ಆಮ್ಲಜನಕ ತುಂಬಬಹುದೇ ಎಂಬ ಪ್ರಶ್ನೆಯೊಂದಿಗೆ ಆಮೇಲೆ ಮಾತು ದೂರದ ನಕ್ಷತ್ರಗಳಿಗೆ ಹೊರಳಿತು. ಕೆಂಪು ಕುಬ್ಜ ನಕ್ಷತ್ರಗಳ ಎಳವೆಯ ಕಾವಿಗೆ ಗ್ರಹದ ನೀರು ಒಡೆದು, ಹಗುರಾದ ಜಲಜನಕ ಹಾರಿಹೋಗಿ, ಆಮ್ಲಜನಕ ಹಿಂದುಳಿಯಬಹುದು ಎಂದು 2015ರಲ್ಲಿ ಖಗೋಳ ವಿಜ್ಞಾನಿಗಳಾದ ಲೂಗರ್, ಬಾರ್ನ್ಸ್ ಲೆಕ್ಕ ಹಾಕಿದರು. ಗ್ರಹದ ಕರಗಿದ ಶಿಲೆ ಆ ಆಮ್ಲಜನಕವನ್ನೆಲ್ಲ ಕುಡಿದುಬಿಡಲೂಬಹುದು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜಕ್ಕೆ ಅತಿ ಹತ್ತಿರದ ಗ್ರಹವನ್ನು ನೋಡಿತು. ದಟ್ಟ ಗಾಳಿಯ ಸುಳಿವು ಸಿಗಲಿಲ್ಲ. ಅದರ ಹಗಲಿನ ಮಗ್ಗುಲು ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಬರಿಗಲ್ಲಿನಂತೆ ಕಂಡಿತು.