ಸ್ನೇಕ್ ಕ್ಯಾನ್ಯನ್‌ಗೆ ಹೊರಟಿದ್ದೀರಾ? ಬಿಸಿಲಿಗಿಂತ ನೀರಿನ ಬಗ್ಗೆ ಎಚ್ಚರ

ಚಳಿಗಾಲ ಬಂತೆಂದರೆ ಮಸ್ಕತ್, ದುಬೈ ಕಡೆಯ ನಮ್ಮವರು ರಜೆಯಲ್ಲಿ ವಾದಿಗಳತ್ತ ಹೊರಡುತ್ತಾರೆ. ಅವುಗಳಲ್ಲಿ ಕಠಿಣವಾದದ್ದು ಒಮಾನಿನ ಹಜರ್ ಪರ್ವತದಲ್ಲಿ, ವಾದಿ ಬನಿ ಔಫ್‌ನಲ್ಲಿರುವ ಸ್ನೇಕ್ ಕ್ಯಾನ್ಯನ್. ಎರಡೂ ಕಡೆ ನೆಟ್ಟಗಿನ ಬಂಡೆ, ನಡುವೆ ಇಕ್ಕಟ್ಟಾದ ಕಣಿವೆ. ನಡೆದರೆ ಸಾಲದು, ನೀರಿನ ಗುಂಡಿಗಳಿಗೆ ಜಿಗಿದು ಈಜಲೂ ಬೇಕು. ಜಿಗಿದ ಮೇಲೆ ಬಂದ ದಾರಿಯಲ್ಲೇ ವಾಪಸ್ ಹತ್ತುವುದು ಕಷ್ಟ. ಹಾಗಾಗಿ ಹೋಗಬೇಕೋ ಬೇಡವೋ ಎಂಬುದನ್ನು ಹೊರಗಡೆಯೇ ತೀರ್ಮಾನಿಸಿ.

ಮಳೆ ಎಲ್ಲಿ ಬಂತು ನೋಡಿ

ಊರಿನ ಹೊಳೆಯಲ್ಲಿ ಈಜಿ ಬೆಳೆದವರಿಗೂ ಇಲ್ಲಿನ ಲೆಕ್ಕ ಬೇರೆ. ಬರಿ ಬಂಡೆಯ ಗುಡ್ಡ ನೀರು ಹೀರುವುದಿಲ್ಲ. ದೂರದ ಬೆಟ್ಟದಲ್ಲಿ ಮಳೆ ಸುರಿದರೆ, ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಪ್ರವಾಹ ಬರಬಹುದು. 2024ರ ಏಪ್ರಿಲ್‌ನಲ್ಲಿ ಯುಎಇಯ ಅಲ್ ಐನ್ ಪ್ರದೇಶದ ಒಂದೇ ಕಡೆ 24 ಗಂಟೆಯೊಳಗೆ 254 ಮಿ.ಮೀ. ಮಳೆ ಸುರಿದದ್ದು ನೆನಪಿರಲಿ. ಹಿಂದಿನ ದಿನ ಮತ್ತು ಹೊರಡುವ ಬೆಳಗ್ಗೆ, ಎರಡು ಸಲ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಇಡೀ ಬೆಟ್ಟ ಪ್ರದೇಶದ್ದು ನೋಡಬೇಕು. ಅನುಮಾನ ಬಂದರೆ ಟ್ರಿಪ್ ಕ್ಯಾನ್ಸಲ್.

ಒಳಗಿದ್ದಾಗ ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಗುಡುಗಿನಂಥ ಸದ್ದು ಕೇಳಿದರೆ ತಕ್ಷಣ ಎತ್ತರಕ್ಕೆ ಹತ್ತಿ. ಬ್ಯಾಗ್ ಬಿಟ್ಟುಬಿಡಿ, ನೀರು ಹರಿಯುವ ದಿಕ್ಕಿಗೆ ಓಡಬೇಡಿ.

ತಯಾರಿ

• ದಾರಿ ಬಲ್ಲ ಗೈಡ್ ಇಲ್ಲದೆ ಹೋಗಬೇಡಿ.
• ಈಜು ಬಾರದವರನ್ನು "ಬಾ ಮಾರಾಯ, ಏನೂ ಆಗಲ್ಲ" ಎಂದು ಎಳೆದುಕೊಂಡು ಹೋಗಬೇಡಿ. ಈಜು ಬಲ್ಲವರಿಗೂ ಲೈಫ್ ಜಾಕೆಟ್, ಹೆಲ್ಮೆಟ್ ಬೇಕು.
• ಪ್ರತಿ ಪ್ರವಾಹದ ನಂತರ ಗುಂಡಿಯ ಆಳ ಬದಲಾಗುತ್ತದೆ. ಹೋದ ವರ್ಷ ಜಿಗಿದ ಜಾಗವಾದರೂ ಮೊದಲು ಆಳ ನೋಡಿಯೇ ಜಿಗಿಯಿರಿ.
• ಹಿಡಿತವಿರುವ ಶೂ ಹಾಕಿ, ಚಪ್ಪಲಿ ಬೇಡ. ಒಬ್ಬರಿಗೆ ಮೂರ್ನಾಲ್ಕು ಲೀಟರ್ ಕುಡಿಯುವ ನೀರು, ಓಆರ್‌ಎಸ್, ಖರ್ಜೂರ ಇರಲಿ.
• ಬೆಳಗ್ಗೆ ಬೇಗ ಒಳಗಿಳಿಯಿರಿ, ಕತ್ತಲಾಗುವ ಮೊದಲೇ ಹೊರಗಿರಬೇಕು.

ಕಾಗದಪತ್ರ, ಖರ್ಚು

ಯುಎಇಯಿಂದ ಹೋಗುವವರು ಕಾರಿನ ವಿಮೆ ಒಮಾನಿನಲ್ಲೂ ನಡೆಯುತ್ತದೆಯೇ ಕೇಳಿಕೊಳ್ಳಿ. ಕಂಪನಿ ಕೊಟ್ಟ ಆರೋಗ್ಯ ವಿಮೆ ಗಡಿ ದಾಟಿದ ಮೇಲೂ, ಸಾಹಸ ಚಟುವಟಿಕೆಗೂ ಅನ್ವಯಿಸುತ್ತದೆಯೇ ಎಂದು ಪಾಲಿಸಿ ತೆಗೆದು ಓದಿ. ಕಾಲು ಮುರಿದರೆ ಆಸ್ಪತ್ರೆ ಬಿಲ್ ಮಾತ್ರವಲ್ಲ, ಊರಿಗೆ ಕಳಿಸುವ ದುಡ್ಡೂ ನಿಲ್ಲುತ್ತದೆ. ಯುಎಇಯಲ್ಲೇ ತಿರುಗಾಡುವವರಿಗೂ ಒಂದು ಮಾತು: ಪ್ರವಾಹ ಬಂದ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್ ದಂಡ, 23 ಬ್ಲ್ಯಾಕ್ ಪಾಯಿಂಟ್, 60 ದಿನ ಗಾಡಿ ಜಪ್ತಿ.

ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಎಲ್ಲಿಗೆ, ಯಾರ ಜೊತೆ, ಎಷ್ಟು ಗಂಟೆಗೆ ವಾಪಸ್ ಎಂದು ರೂಮ್‌ಮೇಟ್‌ಗೋ ಮನೆಯವರಿಗೋ ಬರೆದು ಕೊಡಿ. ಹೇಳಿದ ಹೊತ್ತಿಗೆ ನಿಮ್ಮ ಫೋನ್ ಬರದಿದ್ದರೆ ಅವರು ಒಮಾನಿನ ತುರ್ತು ಸಂಖ್ಯೆ 9999ಕ್ಕೆ ತಿಳಿಸುವಂತಿರಬೇಕು. ಹೊರದೇಶದಲ್ಲಿರುವವರು ಮೊದಲು 968 ಸೇರಿಸಿದರೂ ಈ ಸಣ್ಣ ಸಂಖ್ಯೆ ತಾಗದಿರಬಹುದು. ಆದ್ದರಿಂದ ಒಮಾನಿನಲ್ಲೇ ಇರುವ ಒಬ್ಬ ಪರಿಚಯದವರಿಗೂ ವಿವರ ಕೊಟ್ಟಿರಿ.