ಹಾಡದೆ ನಿಂತ ಮೂವರು ಮಕ್ಕಳು

ಪುಣೆ, ಮುಂಬೈಗಳಲ್ಲಿ ಸಿನಿಮಾಕ್ಕೆ ಹೋಗುವವರಿಗೆ ಇದು ಗೊತ್ತಿರುವ ಸಂಗತಿ. ಚಿತ್ರ ಶುರುವಾಗುವ ಮೊದಲು ರಾಷ್ಟ್ರಗೀತೆ ಬರುತ್ತದೆ, ಎದ್ದು ನಿಲ್ಲುತ್ತೇವೆ. ಕೆಲವರು ದನಿಗೂಡಿಸುತ್ತಾರೆ, ಹೆಚ್ಚಿನವರು ಸುಮ್ಮನೆ ನಿಂತಿರುತ್ತಾರೆ. ಯಾಕೆ ಹಾಡಲಿಲ್ಲ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ 1985ರಲ್ಲಿ, ಹೀಗೆ ಸುಮ್ಮನೆ ನಿಂತದ್ದಕ್ಕೇ ಕೇರಳದ ಒಂದು ಶಾಲೆ ಮೂವರು ಮಕ್ಕಳನ್ನು ಹೊರಗೆ ಹಾಕಿತ್ತು.

ಒಂದೇ ಮನೆಯ ಈ ಮಕ್ಕಳು ಹತ್ತು, ಒಂಬತ್ತು ಮತ್ತು ಐದನೇ ತರಗತಿಗಳಲ್ಲಿ ಓದುತ್ತಿದ್ದರು. ಮನೆಯವರು 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಗಡದವರು. ಆರಾಧನೆ ದೇವರೊಬ್ಬನಿಗೇ ಸಲ್ಲಬೇಕು ಎಂದು ನಂಬುವ ಈ ಪಂಗಡದವರು ಯಾವ ದೇಶದಲ್ಲೇ ಇದ್ದರೂ ಅಲ್ಲಿನ ಧ್ವಜಕ್ಕೆ ವಂದಿಸುವುದಿಲ್ಲ, ರಾಷ್ಟ್ರಗೀತೆ ಹಾಡುವುದಿಲ್ಲ. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಅರಸನು ನಿಲ್ಲಿಸಿದ ಪ್ರತಿಮೆಗೆ ಅಡ್ಡಬೀಳಲು ಒಪ್ಪದೆ ಬೆಂಕಿಯ ಕುಲುಮೆಗೆ ಬಿದ್ದ ಮೂವರು ಯುವಕರ ಕಥೆ ಇದೆಯಲ್ಲ, ಅದು ಇವರಿಗೆ ಬದುಕಿನ ಪಾಠ. ಅದೇ ಬೈಬಲಿನಲ್ಲಿ ಪೌಲನು ಆಳುವವರಿಗೆ ಅಧೀನರಾಗಿರಿ ಎಂದೂ ಬರೆದಿದ್ದಾನೆ. ಎಲ್ಲಿಯವರೆಗೆ ಅಧೀನ, ಎಲ್ಲಿಂದಾಚೆಗೆ ಇಲ್ಲ? ಈ ಪ್ರಶ್ನೆ ಕ್ರೈಸ್ತರನ್ನು ಎರಡು ಸಾವಿರ ವರ್ಷಗಳಿಂದ ಕಾಡಿದೆ.

ಮಕ್ಕಳು ಪ್ರತಿದಿನ ಬೆಳಗಿನ ಸಭೆಯಲ್ಲಿ ಉಳಿದವರ ಜೊತೆ ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ ಅಷ್ಟೇ. ಅವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೆಯೇ ನಿಂತು ಓದಿ ಹೋಗಿದ್ದರು. ಯಾರಿಗೂ ಅದು ತಪ್ಪೆನಿಸಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರ ಕಣ್ಣಿಗೆ ಇದು ಬಿದ್ದು, ವಿಷಯ ವಿಧಾನಸಭೆಗೆ ಹೋಯಿತು. ಸರ್ಕಾರ ನೇಮಿಸಿದ ಆಯೋಗ, ಮಕ್ಕಳು ಕಾನೂನಿಗೆ ತಗ್ಗಿ ನಡೆಯುವವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟಿತು. ಆದರೂ ಮೇಲಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಜುಲೈ 26ರಂದು ಅವರನ್ನು ಶಾಲೆಯಿಂದ ತೆಗೆದರು. ತಂದೆ ಹೋಗಿ ಕೇಳಿಕೊಂಡಾಗ ಆಕೆ ತಮ್ಮ ಅಸಹಾಯಕತೆ ಹೇಳಿಕೊಂಡರು.

ಹೈಕೋರ್ಟ್ ರಾಷ್ಟ್ರಗೀತೆಯ ಒಂದೊಂದು ಪದವನ್ನೂ ನೋಡಿ, ಯಾರ ಧರ್ಮಭಾವನೆಗೂ ನೋವಾಗುವಂಥದ್ದು ಇದರಲ್ಲಿ ಏನೂ ಇಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು. ಮೇಲ್ನೋಟಕ್ಕೆ ಸರಿಯಾದ ಮಾತೇ. ಸುಪ್ರೀಂ ಕೋರ್ಟ್ ಮಾತ್ರ ಪ್ರಶ್ನೆಯೇ ಅದಲ್ಲ ಎಂದಿತು. 'ಬಿಜೋ ಎಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ' ಎಂದು ಹೆಸರಾದ ಈ ತೀರ್ಪು 1986ರ ಆಗಸ್ಟ್ 11ರಂದು ಬಂತು. ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ತ್.

ನ್ಯಾಯಾಲಯ ಮೊದಲು ಕೇಳಿದ್ದು: ಹಾಡಲೇಬೇಕು ಎನ್ನುವ ಕಾನೂನು ಎಲ್ಲಿದೆ? ರಾಷ್ಟ್ರ ಗೌರವಕ್ಕೆ ಸಂಬಂಧಿಸಿದ 1971ರ ಕಾಯ್ದೆ ದಂಡಿಸುವುದು ರಾಷ್ಟ್ರಗೀತೆ ಹಾಡುವುದನ್ನು ಉದ್ದೇಶಪೂರ್ವಕವಾಗಿ ತಡೆಯುವವರನ್ನು, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವವರನ್ನು. ಸುಮ್ಮನೆ ನಿಂತವರು ಅದರೊಳಗೆ ಬರುವುದಿಲ್ಲ. ಸರ್ಕಾರದ ಕೈಯಲ್ಲಿದ್ದದ್ದು ಶಿಕ್ಷಣ ಇಲಾಖೆಯ ಎರಡು ಸುತ್ತೋಲೆಗಳು ಮಾತ್ರ. ಮೂಲಭೂತ ಹಕ್ಕನ್ನು ಕಡಿಮೆ ಮಾಡಲು ಕಾನೂನು ಬೇಕು, ಸುತ್ತೋಲೆ ಸಾಲದು ಎಂದಿತು ನ್ಯಾಯಾಲಯ. ಕಾನೂನಿಗೂ ನಂಬಿಕೆಗೂ ಜಗಳ ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ಎಷ್ಟೋ ಸಲ ಒಂದು ಕಡೆ ನಿಂತಿರುವುದು ಕಾನೂನಲ್ಲ, ಯಾರದೋ ಸಿಟ್ಟು, ಅದಕ್ಕೆ ಅಂಟಿಸಿದ ಒಂದು ಸರ್ಕಾರಿ ಕಾಗದ.

ಎರಡನೆಯ ಪ್ರಶ್ನೆ ನಂಬಿಕೆಯದು. ಈ ನಂಬಿಕೆ ನಮಗೆ ವಿಚಿತ್ರವಾಗಿ ಕಾಣಬಹುದು, ಆದರೆ ನ್ಯಾಯಾಧೀಶರಿಗೆ ಅದು ಹಿಡಿಸುತ್ತದೆಯೇ ಎನ್ನುವುದು ಮುಖ್ಯವಲ್ಲ. ಅವರು ಅದನ್ನು ಪ್ರಾಮಾಣಿಕವಾಗಿ ನಂಬುತ್ತಾರೆಯೇ ಎನ್ನುವುದಷ್ಟೇ ಮುಖ್ಯ. ನಂಬುವುದಾದರೆ ಸಂವಿಧಾನದ 25ನೇ ವಿಧಿಯ ರಕ್ಷಣೆ ಅವರಿಗಿದೆ. ಆ ರಕ್ಷಣೆಗೂ ಮಿತಿಯುಂಟು: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಇತರ ಮೂಲಭೂತ ಹಕ್ಕುಗಳು. ಬಾಯಿ ಮುಚ್ಚಿ ನಿಂತ ಮೂರು ಮಕ್ಕಳಿಂದ ಇವು ಯಾವುದಕ್ಕೂ ಧಕ್ಕೆ ಬಂದಿರಲಿಲ್ಲ. 19ನೇ ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಹಕ್ಕೂ ಸೇರಿದೆ ಎಂದ ನ್ಯಾಯಾಲಯ, ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿತು.

ಈ ಪಾಠ ಕಲಿಯಲು ಅಮೆರಿಕಕ್ಕೆ ಮೂರು ವರ್ಷ ಬೇಕಾಗಿತ್ತು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಧ್ವಜವಂದನೆ ಮಾಡದ ಇದೇ ಪಂಗಡದ ಮಕ್ಕಳನ್ನು ಶಾಲೆಯಿಂದ ತೆಗೆದದ್ದು ಸರಿಯೆಂದಿತು. ಅದರ ಬೆನ್ನಿಗೇ ಈ ಪಂಗಡದವರ ಮೇಲೆ ದೇಶದ ಹಲವೆಡೆ ಹಲ್ಲೆಗಳಾದವು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1943ರ ಜೂನ್ 14ರಂದು, ಅದೇ ನ್ಯಾಯಾಲಯ ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ನಮ್ಮ ನ್ಯಾಯಾಲಯ ಆ ಎರಡೂ ತೀರ್ಪುಗಳನ್ನು ಓದಿಯೇ ಬರೆಯಿತು.

ಅನುವಾದ ಮಾಡಿ ಬದುಕುವ ನನಗೆ ಇಲ್ಲಿ ಒಂದು ಪದ ಕಾಡುತ್ತದೆ. ಈ ಪಂಗಡದ ಹೆಸರಿನಲ್ಲಿ 'ಸಾಕ್ಷಿ' ಇದೆ. ಅವರು ಕಾಪಾಡಿಕೊಳ್ಳಲು ಹೊರಟದ್ದಕ್ಕೂ ಕನ್ನಡದಲ್ಲಿ ನಾವು ಹೇಳುವುದು ಮನಸ್ಸಾಕ್ಷಿ, ಆತ್ಮಸಾಕ್ಷಿ, ಅಂತಃಸಾಕ್ಷಿ ಎಂದೇ. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಅವನು ಕಂಡದ್ದನ್ನು ಅವನ ಬದಲು ನಾವು ಕಾಣಲಾರೆವು. ಅವನು ನಿಜ ಹೇಳುತ್ತಿದ್ದಾನೆಯೇ ಎಂದು ಮಾತ್ರ ಪರೀಕ್ಷಿಸಬಹುದು. ಸುಪ್ರೀಂ ಕೋರ್ಟ್ ಮಾಡಿದ್ದೂ ಅದನ್ನೇ.

ಮುಂದಿನ ಸಲ ಸಿನಿಮಾ ಮಂದಿರದಲ್ಲಿ ನಿಮ್ಮ ಪಕ್ಕದವರು ಹಾಡದೆ ನಿಂತಿದ್ದರೆ, ಅವರಿಗೆ ಗಂಟಲು ಕೆಟ್ಟಿರಬಹುದು, ಸಾಲು ಮರೆತಿರಬಹುದು, ಅಥವಾ ಅವರೊಳಗೂ ಒಬ್ಬ ಸಾಕ್ಷಿ ಇರಬಹುದು. ನಿಮ್ಮ ಹಾಡು ನೀವು ಹಾಡಿ.